ಅಮ್ಮನ ಇಂಟು, ಅಮ್ಮನ ಸೊನ್ನೆ

ಮಾರ್ಚ್ 3, ಸೋಮವಾರ

ನನ್ನ ಬಾಯಿಗೊಂದು ಗುಂಡಿ ಹೊಲಿದು, ಎದುರಿಗೊಂದು ಕಾಜಾ ಹಾಕಿಬಿಡಬೇಕಿತ್ತು. ಕೈಯಲ್ಲಿ ಸೂಜಿ ಇಟ್ಟುಕೊಂಡೂ ಇಷ್ಟು ವರ್ಷ ಆ ಕೆಲಸ ಮಾಡಿಕೊಳ್ಳಲಿಲ್ಲ.

ಆಗಿದ್ದಿಷ್ಟು. ಬೆಳಿಗ್ಗೆ ಅಂಗಡಿ ತುಂಬ ಗಿರಾಕಿಗಳು. ಅಮ್ಮ ಮುರಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದಳು. ಕಾಲು ಹೇಗೆ ಮುರಿಯಿತು ಎಂದು ಯಾರೋ ಕೇಳಿದರು. ಬೀದಿ ಕೊನೆಯ ಕಾಲುವೆಗೆ ಹಾಕಿರುವ ಹಲಗೆ ಸೇತುವೆಯಲ್ಲಿ ಜಾರಿದಳು, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನಮ್ಮ ವಾರ್ಡಿನ ಸದಸ್ಯೆ ನನ್ನ ಸ್ವಂತ ಅಕ್ಕ, ಎರಡು ಸಲ ಗೆದ್ದು ಕೂತಿದ್ದಾಳೆ, ಹೆತ್ತ ತಾಯಿ ಬಿದ್ದರೂ ಒಂದು ಕಂಬಿ ಹಾಕಿಸಲಿಲ್ಲ, ಏನು ಕೇಳಿದರೂ "ನೋಡೋಣ, ವಿಚಾರಿಸ್ತೀನಿ" ಎನ್ನುವುದೊಂದೇ ಅವಳಿಗೆ ಬರುವ ಮಾತು, ಅವಳಿಗಿಂತ ನಾನೇ ವಾಸಿ ಎಂದುಬಿಟ್ಟೆ.

ಎದುರಿನ ಸೈಕಲ್ ಶಾಪಿನವನು ಅಂಗಿಯ ಅಳತೆಗೆಂದು ಕೈ ಎತ್ತಿ ನಿಂತಿದ್ದ. ಎತ್ತಿದ ಕೈ ಇಳಿಸಲೇ ಇಲ್ಲ.

"ಹಾಗಾದ್ರೆ ನಿಂತ್ಕೊಳ್ಳಿ. ನಾನೇ ಸೂಚಕ," ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ನೋಡಿದರೆ ಆ ಪುಣ್ಯಾತ್ಮ ನಿಜವಾಗಿಯೂ ಪುರಸಭೆಗೆ ಹೋಗಿ ನಾಮಪತ್ರ ತಂದಿದ್ದಾನೆ. ನಮ್ಮದು ಹೆಸರಿಗೆ ಪುರಸಭೆ. ನಾಲ್ಕು ಬೀದಿ ದಾಟಿದರೆ ಹೊಲ. ಇಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದೊಳಗೆ ಅಕ್ಕನ ಹಿಟ್ಟಿನ ಗಿರಣಿ ಸೇರಿರುತ್ತದೆ. ಈಗ ಹಿಂದೆ ಸರಿದರೆ ಅವಳ ಮುಂದೆ ಮುಖ ತೋರಿಸುವ ಹಾಗಿಲ್ಲ. ಅಮ್ಮ ಬಿದ್ದ ದಿನದಿಂದ ನಮ್ಮಿಬ್ಬರಿಗೆ ಮಾತೇ ಇಲ್ಲ, ಅದು ಬೇರೆ ವಿಷಯ.

ಅಮ್ಮ ನಾನು ಹೊಲಿದ ಕೋಟನ್ನು ಮಡಿಲಿಗೆಳೆದುಕೊಂಡು ತೋಳಿನ ಮೇಲೆ ಸೀಮೆಸುಣ್ಣದಲ್ಲಿ ಇಂಟು ಎಳೆದಳು. ಮಿಷನ್ ತುಳಿಯುವುದು ಬಿಟ್ಟಿದ್ದಾಳೆ, ಸೀಮೆಸುಣ್ಣ ಬಿಟ್ಟಿಲ್ಲ. ಈ ಅಂಗಡಿ ಅವಳದಾಗಿದ್ದ ಕಾಲದಿಂದ ಇದೇ ಪದ್ಧತಿ. ಸರಿ ಬಂದ ಬಟ್ಟೆಗೆ ಸೊನ್ನೆ. ಇಸ್ತ್ರಿ ಹಾಕಿ ಮಡಚಿ ಗಿರಾಕಿಗೆ ಕಳಿಸಬಹುದು. ಇಂಟು ಬಿದ್ದರೆ ಬಿಚ್ಚಿ ಮತ್ತೆ ಮಿಷನ್ನಿಗೆ. ಈ ವಾರ ನನಗೆ ಬರೀ ಇಂಟು.

ಮಾರ್ಚ್ 7, ಶುಕ್ರವಾರ

ನಾಮಪತ್ರ ಸ್ವೀಕಾರವಾಯಿತು. ಕಣದಲ್ಲಿ ಇಬ್ಬರೇ, ಅಕ್ಕ ಮತ್ತು ನಾನು. ಇಬ್ಬರದೂ ಒಂದೇ ಮನೆತನದ ಹೆಸರು, ಹಾಗಾಗಿ ಮತಪತ್ರದಲ್ಲಿ ಹೆಸರಿನ ಪಕ್ಕ ಚಿತ್ರ ಇರಲೇಬೇಕಂತೆ. ನಾನು ಕತ್ತರಿ ಕೇಳಿದೆ. ಚುನಾವಣಾಧಿಕಾರಿ ಬೇರೆ ಊರಿನಿಂದ ಬಂದ ಶಾಲಾ ಮೇಷ್ಟ್ರು. ವಿಪರೀತ ನೆಗಡಿ, ತಲೆಗೆ ಉಣ್ಣೆ ಟೋಪಿ.

"ಕತ್ತರಿ ಪಟ್ಟಿಯಲ್ಲಿಲ್ಲಮ್ಮ."

"ಹೊಲಿಗೆ ಮಿಷನ್?"

"ಇಲ್ಲ."

"ಸೂಜಿ?"

"ಕಾಣಿಸಲ್ಲ. ಕೊಡೆ ಇದೆ, ಒಲೆ ಇದೆ, ಬಾಚಣಿಗೆ ಇದೆ," ಎಂದು ಹೇಳುತ್ತಲೇ ಸೀನಿದರು.

ಒಲೆ ಅಂದರೆ ಮನೆಗೆ ಬೆಂಕಿ ಇಟ್ಟಳು ಅನ್ನುತ್ತಾರೆ, ಬಾಚಣಿಗೆ ಅಂದರೆ ನನ್ನ ಕೂದಲು ನೋಡಿ ನಗುತ್ತಾರೆ. ಕೊಡೆ ಆಯಿತು. ಅಕ್ಕನಿಗೆ ಮೊದಲಿನಿಂದಲೂ ಗಡಿಯಾರ. ಜೀವಮಾನದಲ್ಲಿ ಒಂದು ದಿನ ಹೊತ್ತಿಗೆ ಸರಿಯಾಗಿ ಬಂದವಳಲ್ಲ.

ಮಾರ್ಚ್ 12, ಬುಧವಾರ

ಮನೆಮನೆಗೆ ಹೋಗುವುದು ಸುಲಭ ಅಂದುಕೊಂಡಿದ್ದೆ. ಈ ವಾರ್ಡಿನಲ್ಲಿ ಯಾರ ಸೊಂಟದ ಸುತ್ತಳತೆ ಎಷ್ಟು ಎಂದು ನನಗೆ ಬಾಯಿಪಾಠ. ಆದರೆ ಅವರ ಮನೆ ಹಿತ್ತಲು ನೋಡಿದವಳಲ್ಲ. ಒಬ್ಬರ ಹಿತ್ತಲಲ್ಲಿ ಚರಂಡಿ ಕಟ್ಟಿದೆ. ಇನ್ನೊಬ್ಬರ ಮನೆ ಮುಂದಿನ ದೀಪ ಹಗಲು ಉರಿದು ರಾತ್ರಿ ಆರುತ್ತದೆ. ಕಿವಿ ಕೇಳದ ಬಡಗಿ ತಾತ ನನ್ನನ್ನು ಕೂರಿಸಿಕೊಂಡು ಬಸ್ಸು ಯಾಕೆ ನಿಲ್ಲುವುದಿಲ್ಲ ಎಂದು ಒಂದು ಗಂಟೆ ಕೇಳಿದರು. ನಾನು ಹೇಳಿದ ಉತ್ತರ ಅವರಿಗೆ ಕೇಳಿಸಲಿಲ್ಲ, ಆದ್ದರಿಂದ ಮತ್ತೆ ಕೇಳಿದರು. ಎಲ್ಲರಿಗೂ ನೋಡೋಣ, ವಿಚಾರಿಸ್ತೀನಿ ಎಂದು ಹೇಳಿ ಬಂದೆ. ಇನ್ನೇನು ಹೇಳಲಿ?

ಮನೆಗೆ ಬಂದರೆ ಅಂಗಡಿ ಬಾಗಿಲಲ್ಲಿ ಮೂರು ಹರಿದ ಕೊಡೆಗಳು.

"ಕೊಡೆಯಮ್ಮ ನೀವೇ ಅಲ್ವಾ? ಹೊಲಿದು ಕೊಡ್ತೀರಂತೆ," ಎಂದು ಕೊಟ್ಟು ಹೋದರಂತೆ. ಅಮ್ಮ ಬೇಡ ಎನ್ನದೆ ಇಸಿದುಕೊಂಡಿದ್ದಾಳೆ.

ಮಾರ್ಚ್ 13, ಗುರುವಾರ

ಕೊಡೆಗಳು ಒಂಬತ್ತಾದವು. ಬೇರೇನೂ ಬರೆಯಲು ಕೈಯಲ್ಲಿ ಶಕ್ತಿಯಿಲ್ಲ.

ಮಾರ್ಚ್ 15, ಶನಿವಾರ

ಸೇತುವೆಯ ವಿಷಯ ಒಂದು ತೀರ್ಮಾನವಾಗಲಿ ಎಂದು ಪುರಸಭೆ ಕಚೇರಿಗೆ ಹೋದೆ. ಭಾಷಣದಲ್ಲಿ ಹೇಳುವುದಕ್ಕಾದರೂ ಬೇಕಲ್ಲ. ಗುಮಾಸ್ತ ಹೇಳಿದ: ಸೇತುವೆಯ ಈ ದಡ ಪುರಸಭೆಯದು, ಆ ದಡ ಕಾಲುವೆ ಕಚೇರಿಯದು. ಈ ದಡದವರು ಕಂಬಿ ಹಾಕಿದರೆ ಅರ್ಧಕ್ಕೆ ನಿಲ್ಲಿಸಬೇಕು. ಸರಿ, ಕಾಲುವೆ ಕಚೇರಿಗೆ ಹೋದೆ. ಅಲ್ಲಿ ಒಂದು ಬೆಂಚು, ಒಂದು ಮೇಜು, ಮೇಜಿನ ಹಿಂದೆ ಒಬ್ಬರು ಮೇಲ್ವಿಚಾರಕರು. ಅಡ್ಡಹಲಗೆ ಸಡಿಲವಾದ ಆ ಬೆಂಚಿನ ಮೇಲೆ ಕೂತೆ. ಊಟದ ಹೊತ್ತು ದಾಟಿತು.

"ಅಲ್ಲಿ ಕೂರಬೇಡಿ, ಬಲಗಡೆ ಕೂರಿ," ಎಂದರು ಅವರು ಕೊನೆಗೆ. "ಎಡಗಡೆ ಮೊಳೆ ಎದ್ದಿದೆ. ನಿಮ್ಮ ಅಕ್ಕ ತಿಂಗಳು ತಿಂಗಳೂ ಬಂದು ಬಲಗಡೇನೇ ಕೂರ್ತಾರೆ."

"ನಮ್ಮ ಅಕ್ಕ ಇಲ್ಲಿಗೆ ಬರ್ತಾಳಾ?"

"ಬರದೆ ಏನು? ಆ ಕಂಬಿ ವಿಷಯಕ್ಕೇ. ನಾನೂ ಮೇಲಿನವರಿಗೆ ಬರೆದು ಬರೆದು ಇಡ್ತೀನಿ. ಮೇಲಿನವರು ನೋಡೋಣ ಅಂತಾರೆ."

ಮೊಳೆಗೆ ನನ್ನ ಸೀರೆ ಸಿಕ್ಕಿ ಹರಿಯಿತು. ದಾರಿಯುದ್ದಕ್ಕೂ ಕೋಪ. ಯಾರ ಮೇಲೆ ಎಂದು ಸರಿಯಾಗಿ ಹೇಳಲಾರೆ. ಹೋಗುತ್ತಿದ್ದವಳು ಹೋಗುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಬಾರದೇ? ಅಮ್ಮನ ಕಾಲು ಮುರಿದ ದಿನ ನಾನು ಕೂಗಾಡುವಾಗ ಸುಮ್ಮನೆ ನಿಂತಿದ್ದಳಲ್ಲ, ಆಗ ಹೇಳಬಹುದಿತ್ತು. ಇದನ್ನು ಭಾಷಣದಲ್ಲಿ ಹೇಳುವುದಿಲ್ಲ. ಹೇಳಿದರೆ ಅವಳಿಗೇ ಓಟು ಬೀಳುತ್ತದೆ. ಮುಚ್ಚಿಡುವುದೂ ಯಾಕೋ ಸರಿ ಅನಿಸುತ್ತಿಲ್ಲ. ಯಾರಾದರೂ ಕೇಳಿದರೆ ಹೇಳಿದರಾಯಿತು.

ಮಾರ್ಚ್ 16, ಭಾನುವಾರ

ಯಾರೂ ಕೇಳಲಿಲ್ಲ. ನಾನೇ ಸೈಕಲ್ ಶಾಪಿನವನಿಗೆ ಹೇಳಿದೆ. ಅವನು ತಲೆ ಚಚ್ಚಿಕೊಂಡ.

"ಅಕ್ಕಾವ್ರೇ, ನೀವು ಯಾರ ಕಡೆ ನಿಂತಿರೋದು?"

ಮಾರ್ಚ್ 19, ಬುಧವಾರ

ಮತ ಹಾಕುವುದು ಹೇಗೆಂದು ಜನರಿಗೆ ತೋರಿಸಿಕೊಡಿ ಎಂದು ಸೈಕಲ್ ಶಾಪಿನವನ ಅಪ್ಪಣೆ. ಹೋದ ಸಲ ಯಾರೋ ಮತಪತ್ರದ ಹಿಂದೆ ಸಹಿ ಮಾಡಿ, ವಿಳಾಸವನ್ನೂ ಬರೆದಿದ್ದರಂತೆ. ಕಂದು ಬಣ್ಣದ ಕಟಿಂಗ್ ಕಾಗದವನ್ನು ಗೋಡೆಗೆ ಅಂಟಿಸಿ ಒಂದು ಕೊಡೆ, ಒಂದು ಗಡಿಯಾರ ಬರೆದೆ. ಪಕ್ಕದಲ್ಲಿ ಒಂದೊಂದು ಚೌಕ.

"ಹೆಸರು ಹೇಳ್ತೀರಿ, ಅವರು ಪಟ್ಟಿ ನೋಡ್ತಾರೆ, ಬೆರಳಿಗೆ ಶಾಯಿ ಹಚ್ತಾರೆ. ಚೀಟಿ ತಗೊಂಡು ರಟ್ಟಿನ ಮರೆಗೆ ಹೋಗಿ. ಬೇಕಾದವರ ಚೌಕದಲ್ಲಿ ಒಂದು ಇಂಟು. ಒಂದೇ ಒಂದು. ಮಡಚಿ ಡಬ್ಬಿಗೆ ಹಾಕಿ. ಸಹಿ ಬೇಡ, ವಿಳಾಸ ಬೇಡ."

ಉದಾಹರಣೆಗೆಂದು ಇಂಟು ಹಾಕುವಾಗ ಕೊಡೆಯ ಮುಂದೆ ಹಾಕಲು ಕೈ ಹೋಯಿತು. ಸಂಕೋಚವಾಗಿ ಚೌಕದ ಹೊರಗೆ ಗೋಡೆಯ ಮೇಲೆ ಹಾಕಿದೆ. ಅಮ್ಮ ಗುಂಡಿಗಳನ್ನು ದಾರಕ್ಕೆ ಪೋಣಿಸುತ್ತ ಎಲ್ಲವನ್ನೂ ನೋಡುತ್ತಿದ್ದಳು.

"ಬೇಕಾದವರಿಗೆ ಇಂಟಾ?" ಅಂದಳು.

"ಹೌದಮ್ಮ."

"ಸೊನ್ನೆಗೆ ಬೆಲೆ ಇಲ್ವಾ?"

"ಚುನಾವಣೇಲಿ ಇಲ್ಲ."

"ಹೂಂ," ಎಂದು ಗುಂಡಿ ಪೋಣಿಸಿದಳು. ಅಮ್ಮ "ಹೂಂ" ಅಂದರೆ ನಾನು ಚಿಕ್ಕಂದಿನಿಂದಲೂ ಹೊಲಿದದ್ದನ್ನು ಇನ್ನೊಂದು ಸಲ ತಿರುಗಿಸಿ ನೋಡುತ್ತೇನೆ.

ಅವಳು ಯಾರಿಗೆ ಹಾಕುತ್ತಾಳೆ? ಇಡೀ ವಾರ್ಡಿಗೆ ಇದೇ ಕುತೂಹಲ. ಗಿರಣಿಯಲ್ಲಿ ಇದೇ ಮಾತಂತೆ. ನನಗೆ ಮಾತ್ರ ಕೇಳುವ ಧೈರ್ಯವಿಲ್ಲ. ಊರೆಲ್ಲ ಅಕ್ಕನಿಗೆ ಹಾಕಿದರೂ ತಡೆದುಕೊಂಡೇನು, ಅಮ್ಮನೊಬ್ಬಳು ನನಗೆ ಹಾಕಲಿ ಎಂದು ಆಸೆ. ಎರಡು ಹೊತ್ತು ಊಟ ಕೊಡುತ್ತಿರುವವಳು ನಾನು, ಕಾಲಿಗೆ ಎಣ್ಣೆ ಹಚ್ಚುತ್ತಿರುವವಳು ನಾನು. ಆದರೆ ಅಕ್ಕ ಅವಳಿಗೆ ಮೊದಲ ಮಗಳು. ನಾನು ಹುಟ್ಟುವ ಮೊದಲೇ ಅವಳಿಗೆ ಆರು ವರ್ಷದ ಮುನ್ನಡೆ ಇತ್ತು.

ಮಾರ್ಚ್ 24, ಸೋಮವಾರ

ಇವತ್ತಿನದು ಬರೆಯದಿದ್ದರೆ ನಿದ್ದೆ ಬರದು. ಹಲಗೆ ಸೇತುವೆಯ ಈ ಕಡೆಯಿಂದ ನಾನು, ಆ ಕಡೆಯಿಂದ ಅಕ್ಕ. ನನ್ನ ಹಿಂದೆ ಸೈಕಲ್ ಶಾಪಿನವನು, ಅವಳ ಹಿಂದೆ ಗಿರಣಿಯ ನಾಲ್ಕು ಹೆಂಗಸರು. ಒಬ್ಬರು ಹೋಗುವಷ್ಟೇ ಅಗಲ. ಒಬ್ಬರು ಹಿಂದೆ ಸರಿಯಬೇಕು. ಚುನಾವಣೆಗೆ ಆರು ದಿನ ಇರುವಾಗ ಯಾರು ಸರಿಯುತ್ತಾರೆ?

ನಡುಮಧ್ಯದಲ್ಲಿ ನಿಂತೆವು. ಕೆಳಗೆ ನೀರು. ಅಕ್ಕನ ಕೋಟಿನ ಅಂಚು ಬಿಚ್ಚಿ ಎಡಗಡೆ ಜೋತು ಬಿದ್ದಿತ್ತು. ಅದನ್ನು ಬಿಟ್ಟು ಬೇರೆ ಕಡೆ ನೋಡಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಹೊರಗಿನ ದರ್ಜಿಯ ಹತ್ತಿರ ಹೊಲಿಸಿಕೊಂಡಿಲ್ಲ, ನನ್ನ ಹತ್ತಿರವೂ ಬಂದಿಲ್ಲ, ಹಾಗೇ ಓಡಾಡಿಕೊಂಡಿದ್ದಾಳೆ.

"ದಾರಿ ಬಿಡೋಕೆ ಹೇಳಪ್ಪ ನಿನ್ನ ಕೊಡೆಯಮ್ಮನಿಗೆ," ಎಂದಳು, ನನ್ನ ತಲೆಯ ಮೇಲಿಂದ ಸೈಕಲ್ ಶಾಪಿನವನಿಗೆ.

"ಮೊದಲು ಬಂದವರು ನಾವು ಅಂತ ಹೇಳಪ್ಪ," ಎಂದೆ ನಾನು, ಅವನಿಗೇ.

ಪಾಪ, ಅವನು ಎರಡನ್ನೂ ಹೇಳಿದ. ಕೊನೆಗೆ ಕಾಲಿನಡಿಯ ಹಲಗೆ ಕಿರ್ ಎಂದಿತು. ಅಕ್ಕ ಫಕ್ಕನೆ ನನ್ನ ಮೊಣಕೈ ಹಿಡಿದುಕೊಂಡಳು, ನಾನು ಅವಳ ಕೋಟು ಹಿಡಿದುಕೊಂಡೆ. ಹಾಗೇ ಇಬ್ಬರೂ ಸುತ್ತು ತಿರುಗಿ, ಅವಳು ಈ ಕಡೆ, ನಾನು ಆ ಕಡೆ ಇಳಿದೆವು. ಅವಳ ಕೈ ಮೊದಲಿನಂತೆಯೇ ಒರಟು, ಹಿಟ್ಟಿನ ವಾಸನೆ.

ಬೆಳಿಗ್ಗೆಯಿಂದ ಹೇಳಿಕೊಂಡು ಬಂದಿದ್ದ ಭಾಷಣ ಮರೆತುಹೋಯಿತು. ಆ ದಡದ ಮನೆಗಳಲ್ಲಿ ಬರೀ ಚರಂಡಿಯ ವಿಷಯ ಮಾತಾಡಿ ಬಂದೆ.

ಮಾರ್ಚ್ 30, ಭಾನುವಾರ

ಮತದಾನ ಮುಗಿಯಿತು. ಅಮ್ಮನನ್ನು ಕುರ್ಚಿ ಸಮೇತ ಸೈಕಲ್ ಶಾಪಿನವನ ತಳ್ಳುಗಾಡಿಯಲ್ಲಿ ಕೂರಿಸಿ ಶಾಲೆಗೆ ಕರೆದುಕೊಂಡು ಹೋದೆವು. ಲಾರಿ ಓಡಿಸಿಕೊಂಡು ತಿಂಗಳಿಗೊಮ್ಮೆ ಮನೆ ಕಾಣುವ ನನ್ನ ಗಂಡನೂ ಬಂದಿದ್ದಾರೆ. ಗಾಡಿ ತಳ್ಳಿದವರು ಅವರೇ. "ನಿನಗೆ ಹಾಕಿದೆ" ಎಂದು ಮೂರು ಸಲ ಹೇಳಿದರು. ಅಷ್ಟು ಸಲ ಹೇಳಬೇಕಾಗಿರಲಿಲ್ಲ.

ಅಮ್ಮನಿಗೆ ಸಹಾಯಕ್ಕೆ ಒಬ್ಬರು ಬರಬಹುದು ಎಂದು ಅಧಿಕಾರಿ ಹೇಳಿದರು. ಬಾಗಿಲ ಈಚೆ ನಾನು, ಆಚೆ ಅಕ್ಕ, ಇಬ್ಬರೂ ಒಂದೊಂದು ಹೆಜ್ಜೆ ಮುಂದಿಟ್ಟೆವು.

"ಯಾರೂ ಬೇಡ. ಕಾಲು ಮುರಿದಿರೋದು, ಕೈಯಲ್ಲ," ಎಂದಳು ಅಮ್ಮ.

ರಟ್ಟಿನ ಮರೆಯ ಹಿಂದೆ ಅಷ್ಟು ಹೊತ್ತು ಏನು ಮಾಡಿದಳೋ. ಸಾಲಿನಲ್ಲಿದ್ದವರು ಕೆಮ್ಮಿದರು. ದಾರಕ್ಕೆ ಕಟ್ಟಿದ್ದ ಪೆನ್ನು ಕೈತಪ್ಪಿ ಮೇಜಿಗೆ ತಾಗಿದ ಸದ್ದು ಕೇಳಿಸಿತು. ಹೊರಗೆ ಬಂದು, ಚೀಟಿಯನ್ನು ಅಂಗಿ ಮಡಚಿದ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿ, ಡಬ್ಬಿಗೆ ಹಾಕಿದಳು. ನನ್ನ ಮುಖವನ್ನೂ ನೋಡಲಿಲ್ಲ, ಅಕ್ಕನ ಮುಖವನ್ನೂ ನೋಡಲಿಲ್ಲ.

ಮಾರ್ಚ್ 31, ಸೋಮವಾರ

ಸೋತೆ. ಅಲ್ಲ, ಸೋಲಿಸಿಕೊಂಡೆ. ಹೇಗೆಂದು ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬಾರದು.

ಎಣಿಕೆ ಶಾಲೆಯ ಅದೇ ಕೋಣೆಯಲ್ಲಿ. ಅಧಿಕಾರಿ ಒಂದೊಂದೇ ಚೀಟಿ ಬಿಡಿಸಿ ಎರಡು ಗುಂಪು ಮಾಡಿದರು. ಕೊಡೆಗೆಷ್ಟೋ ಗಡಿಯಾರಕ್ಕೂ ಅಷ್ಟೇ. ಎರಡು ಸಲ ಎಣಿಸಿದರು, ಸಮಸಮ. ಕೈಯಲ್ಲಿ ಒಂದು ಚೀಟಿ ಉಳಿದಿತ್ತು. ಅದನ್ನು ಮೇಜಿನ ಮೇಲಿಟ್ಟು ನಮ್ಮಿಬ್ಬರನ್ನೂ ಹತ್ತಿರ ಕರೆದರು.

ನನ್ನ ಕೊಡೆಯ ಮುಂದೆ ಒಂದು ಇಂಟು. ಅಕ್ಕನ ಗಡಿಯಾರದ ಮುಂದೆ ಒಂದು ಸೊನ್ನೆ. ಇಂಟುವಿನ ಒಂದು ಬಾಲ ಉದ್ದವಾಗಿ ಕೊನೆಯಲ್ಲಿ ಸ್ವಲ್ಪ ಬಾಗಿದೆ. ಸೊನ್ನೆ ಮೇಲುಗಡೆ ಪೂರ್ತಿ ಕೂಡಿಲ್ಲ, ಸೂಜಿ ಕಣ್ಣಿನಷ್ಟು ಜಾಗ ಬಿಟ್ಟಿದೆ. ಇಡೀ ಜನ್ಮ ಬಟ್ಟೆಯ ಮೇಲೆ ನೋಡಿದ ಕೈ ಅದು. ಪಕ್ಕದಲ್ಲಿ ಅಕ್ಕನೂ ಬಗ್ಗಿ ಆ ಬಾಲವನ್ನೇ ನೋಡುತ್ತಿದ್ದಳು.

"ನಿಯಮದಲ್ಲಿ ಇಂಟುನೇ ಮತ," ಎಂದರು ಅಧಿಕಾರಿ, ಮೂಗು ಒರೆಸಿಕೊಂಡು. "ಆದ್ರೆ ಇನ್ನೊಂದು ಚೌಕದಲ್ಲೂ ಏನೋ ಗುರುತಿದೆ. ಇಬ್ಬರೂ ಒಪ್ಪಿದ್ರೆ ಇದನ್ನ ಕೊಡೆಗೆ ಎಣಿಸ್ತೀನಿ. ಒಬ್ಬರು ಬೇಡ ಅಂದ್ರೂ ತಿರಸ್ಕರಿಸಿ, ಚೀಟಿ ಎತ್ತಿಸ್ತೀನಿ."

"ನನ್ನದೇನೂ ತಕರಾರಿಲ್ಲ. ಕೊಡೆಗೇ ಎಣಿಸಿ," ಎಂದಳು ಅಕ್ಕ.

ಎಷ್ಟು ಸಲೀಸಾಗಿ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. ಸೊನ್ನೆ ಎಂದರೆ ಸರಿಯಾಗಿದೆ ಎಂದು ಅವಳಿಗೆ ಗೊತ್ತಿಲ್ಲವೇ? ಅಮ್ಮ ಅವಳನ್ನು ಸರಿ ಎಂದಿದ್ದಾಳೆ. ನನ್ನನ್ನು ಬಿಚ್ಚಿ ಎಸೆ ಎಂದಿದ್ದಾಳೆ. ಅಷ್ಟೆಲ್ಲ ಗೊತ್ತಿದ್ದೂ, ಪಾಪ ತಂಗಿ ಎಂದು ಬಿಟ್ಟುಕೊಡುತ್ತಿದ್ದಾಳೆ. ಚಿಕ್ಕಂದಿನಲ್ಲಿ ಆಟದಲ್ಲಿ ಬೇಕೆಂದೇ ಸೋಲುತ್ತಿದ್ದಳಲ್ಲ, ಹಾಗೆ. ಹೂಂ ಅಂದಿದ್ದರೆ ಗೆದ್ದಿರುತ್ತಿದ್ದೆ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅಮ್ಮನ ಓಟನ್ನು ಕದ್ದು ಗೆಲ್ಲುವುದೇ?

"ನನಗೆ ತಕರಾರಿದೆ. ತಿರಸ್ಕರಿಸಿ," ಎಂದೆ.

ಸೈಕಲ್ ಶಾಪಿನವನು ಕಿಟಕಿಯ ಹೊರಗಿನಿಂದ ನನ್ನನ್ನು ನೋಡಿದ ನೋಟ ಸಾಯುವವರೆಗೂ ಮರೆಯುವುದಿಲ್ಲ. ಅಧಿಕಾರಿ ಕಾರಣ ಕೇಳಿದರು. ಹೇಳಲೇಬೇಕಾ ಎಂದೆ. ಬೇಕಿಲ್ಲ ಎಂದರು. ಎರಡು ಚೀಟಿ ಬರೆದು ತಮ್ಮ ಉಣ್ಣೆ ಟೋಪಿಯಲ್ಲಿ ಹಾಕಿ, ಶಾಲೆಯ ಆಯಾಳಿಂದ ಒಂದನ್ನು ಎತ್ತಿಸಿದರು. ಗಡಿಯಾರ.

ಅಕ್ಕ ನನ್ನನ್ನು ನೋಡಿ ಏನೋ ಹೇಳಲು ಬಂದಳು. ನಾನು ನಿಲ್ಲಲಿಲ್ಲ.

ಏಪ್ರಿಲ್ 1, ಮಂಗಳವಾರ

ಬೆಳಿಗ್ಗೆ ಅಮ್ಮನಿಗೆ ಕಾಫಿ ಕೊಟ್ಟು, ಮಾತಾಡಬಾರದು ಎಂದುಕೊಂಡೇ ಮಾತಾಡಿದೆ.

"ನಿನ್ನ ಇಷ್ಟದ ಹಾಗೇ ಆಯ್ತಲ್ಲಮ್ಮ. ನಿನ್ನ ದೊಡ್ಡ ಮಗಳು ಗೆದ್ಲು."

"ನನ್ನ ಇಷ್ಟ ಯಾರು ಹೇಳಿದ್ರು ನಿನಗೆ?"

"ನೀನೇ. ಅವಳಿಗೆ ಸೊನ್ನೆ, ನನಗೆ ಇಂಟು. ಕಾಣಲಿಲ್ವಾ ನನಗೆ? ನಾನೇ ಬೇಡ ಅಂತ ಹೇಳಿ ತಿರಸ್ಕಾರ ಮಾಡಿಸಿದೆ."

ಅಮ್ಮ ಕಾಫಿ ಲೋಟ ಕೆಳಗಿಟ್ಟಳು.

"ಪುಟ್ಟೀ, ಸೊನ್ನೆ ಬಿದ್ದ ಬಟ್ಟೆ ಏನ್ ಮಾಡ್ತೀಯ?"

"ಮಡಚಿ ಕಳಿಸ್ತೀನಿ."

"ಇಂಟು ಬಿದ್ದಿದ್ದು?"

"ಮತ್ತೆ ಮಿಷನ್ನಿಗೆ..." ಅಲ್ಲಿಗೆ ನನ್ನ ಬಾಯಿ ನಿಂತಿತು.

"ಅವಳದು ಎರಡು ಸಲ ಆಯ್ತು, ಚೆನ್ನಾಗೇ ಮಾಡಿದ್ಲು, ಮುಗೀತು. ಮನೆಗೆ ಹೋಗಿ ಕೂತ್ಕೊಳ್ಳಲಿ ಅಂತ ಸೊನ್ನೆ ಸುತ್ತಿದೆ. ಕೆಲಸ ಬಾಕಿ ಇರೋದು ನಿನ್ನದು. ಬೇಕಾದವರಿಗೆ ಇಂಟು ಹಾಕು ಅಂತ ಹೇಳ್ಕೊಟ್ಟವಳೂ ನೀನೇ. ಎರಡು ಲೆಕ್ಕದಲ್ಲೂ ನಿನಗೇ ಹಾಕಿದ್ದು. ಎರಡರಲ್ಲೂ ಬೇಡ ಅಂದ್ಯಲ್ಲ, ನಿನ್ನ ತಲೆಗಿಷ್ಟು."

ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ತಡೆಯಲಿಲ್ಲ. ಕುರ್ಚಿ ಕಳೆದುಕೊಂಡಿದ್ದಕ್ಕೆ ಅಳುವ ಬದಲು ಅಮ್ಮ ನನಗೆ ಹಾಕಿದ್ದಳು ಎಂದು ಖುಷಿಗೆ ಅತ್ತೆ. ಈ ಅವತಾರದಲ್ಲಿರುವಾಗಲೇ ಬಾಗಿಲಲ್ಲಿ ಅಕ್ಕ. ಕೋಟು ಕೈಯಲ್ಲಿ ಹಿಡಿದುಕೊಂಡು ಬಂದಿದ್ದಳು.

"ಅಂಚು ಬಿಚ್ಚಿದೆ," ಎಂದಳು ನೇರವಾಗಿ ನನಗೇ. ಅಮ್ಮ ಬಿದ್ದ ದಿನದಿಂದ ಇದೇ ಮೊದಲು.

"ನಿನಗೆ ಗೊತ್ತಿತ್ತಾ, ಸೊನ್ನೆ ಅಂದ್ರೆ ಏನು ಅಂತ?"

"ನೀನು ಹೊಲೀತಿದ್ದೆ. ಹೊಲಿದಿದ್ದನ್ನ ಹೊತ್ಕೊಂಡು ಮನೆಮನೆಗೆ ಕೊಟ್ಟು ಬರ್ತಿದ್ದವಳು ನಾನು. ಸೊನ್ನೆ ಬಿದ್ರೆ ಹೊರಡಬೇಕು ಅಂತ ನನಗೆ ಗೊತ್ತಿಲ್ವಾ? ಹೊರಡೋಣ ಅಂತಲೇ ಒಪ್ಪಿದೆ. ನೀನು ಬಿಟ್ಟರೆ ತಾನೆ."

"ಆಗಲೇ ಬಾಯಿಬಿಟ್ಟು ಹೇಳಬಾರದಿತ್ತಾ?"

"ನೀನು ಬಾಯಿ ತೆಗೆದ ಮೇಲೆ ಈ ಮನೇಲಿ ಬೇರೆಯವರ ಮಾತು ಎಲ್ಲಿ ನಡೆದಿದೆ?"

ಅಮ್ಮ ಸೀಮೆಸುಣ್ಣ ಹುಡುಕುವವಳ ಹಾಗೆ ತಲೆ ತಗ್ಗಿಸಿ ನಗುತ್ತಿದ್ದಳು. ಕೋಟಿನ ಅಂಚು ಹೊಲಿದುಕೊಟ್ಟೆ. ಅಕ್ಕ ಅದನ್ನು ಹಾಕಿಕೊಂಡು, ಬಾಗಿಲವರೆಗೆ ಹೋಗಿ ಮತ್ತೆ ಬಂದಳು.

"ಶುಕ್ರವಾರ ಕಾಲುವೆ ಕಚೇರಿಗೆ ಹೋಗಬೇಕು. ಆ ಬೆಂಚಿನ ಮೇಲೆ ಒಬ್ಬಳೇ ಕೂತು ಕೂತು ಸಾಕಾಗಿದೆ. ಸಹಿ ನಂದಿರಲಿ, ಬಾಯಿ ನಿಂದಿರಲಿ. ಬರ್ತೀಯಾ?"

ಹತ್ತು ಕೊಡೆ ಬಾಕಿ ಇವೆ, ನೋಡೋಣ, ವಿಚಾರಿಸ್ತೀನಿ ಎಂದೆ. ಅಕ್ಕ ಬಿದ್ದು ಬಿದ್ದು ನಕ್ಕಳು. ಅದರಲ್ಲಿ ನಗುವಂಥದ್ದು ಏನಿತ್ತೋ ನನಗೆ ಅರ್ಥವಾಗಲಿಲ್ಲ.

ಏಪ್ರಿಲ್ 20, ಭಾನುವಾರ

ಈ ಪುಸ್ತಕ ಮುಟ್ಟದೆ ಬಹಳ ದಿನವಾಯಿತು. ಹೊತ್ತೇ ಸಿಗಲಿಲ್ಲ. ಮೂರು ಸಲ ಕಾಲುವೆ ಕಚೇರಿ. ಮೂರನೆಯ ಸಲ ಸುತ್ತಿಗೆ ಒಯ್ದು ಆ ಬೆಂಚಿನ ಮೊಳೆಯನ್ನು ನಾನೇ ಬಡಿದೆ. ಅದರ ಸದ್ದಿಗೆ ಒಳಗಿನ ಕೋಣೆಯಿಂದ ಮೇಲಿನವರು ಎದ್ದು ಬಂದರು. ಇಷ್ಟು ವರ್ಷ ಅಲ್ಲೇ ಇದ್ದರಂತೆ. ಬಡಗಿ ತಾತನ ಬಸ್ಸಿನ ಅರ್ಜಿಯನ್ನೂ ಅದೇ ಕೈಯಲ್ಲಿ ಕೊಟ್ಟು ಬಂದೆ. ಬಸ್ಸು ಅವರ ಇಲಾಖೆಯಲ್ಲ ಎಂದರು. ಯಾರದು ಎಂದು ಕೇಳಿ ಬರೆದುಕೊಂಡೆ.

ಇವತ್ತು ಸೇತುವೆಗೆ ಕಂಬಿ ಬಂತು, ಈ ದಡದಿಂದ ಆ ದಡದವರೆಗೆ. ಮೊದಲು ದಾಟುವುದು ಅಮ್ಮನೇ ಎಂದು ಅಕ್ಕ ಹೇಳಿದಳು. ಕೋಲು ಊರಿಕೊಂಡು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು, ಅಮ್ಮ ನಿಧಾನವಾಗಿ ಹೊರಟಳು. ನಾವಿಬ್ಬರೂ ಹಿಂದೆ, ಬಿದ್ದರೆ ಹಿಡಿಯಲು. ನಡುಮಧ್ಯದಲ್ಲಿ ನಿಂತಳು. ಕಂಬಿಯನ್ನು ಅಲುಗಾಡಿಸಿ ನೋಡಿದಳು. ಒಂದು ಜೋಡಣೆ ಸ್ವಲ್ಪ ಅಲುಗಿತು. ಸೀಮೆಸುಣ್ಣ ತೆಗೆದು ಅಲ್ಲೊಂದು ಇಂಟು ಎಳೆದಳು, ಬಾಲ ಉದ್ದ ಮಾಡಿ.

ಕಂಬಿ ಹಾಕಿದ ಕಮ್ಮಾರನ ಮುಖ ಸಪ್ಪಗಾಯಿತು. "ಏನಮ್ಮ, ಇಷ್ಟು ಕಷ್ಟಪಟ್ಟು ಮಾಡಿದ್ದಕ್ಕೆ ತಪ್ಪು ಅಂತ ಇಂಟು ಹಾಕೋದಾ?"

"ತಪ್ಪು ಅಂತಲ್ಲಪ್ಪ," ಎಂದೆ ನಾನು. "ಕೆಲಸ ಇನ್ನೂ ಬಾಕಿ ಇದೆ, ನಿನ್ನ ಕೈಯಲ್ಲೇ ಆಗಬೇಕು ಅಂತ."

ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ಅಮ್ಮ "ಹೂಂ" ಎಂದು ಮುಂದೆ ನಡೆದಳು. ಕಮ್ಮಾರ ನಾಳೆ ಬೆಳಿಗ್ಗೆ ಬರುತ್ತಾನಂತೆ. ಹತ್ತಿರ ನಿಂತು ಮಾಡಿಸಬೇಕು, ಅಂಗಡಿ ಸ್ವಲ್ಪ ತಡವಾಗಿ ತೆಗೆದರಾಯಿತು.